ಮೂರು ಚಿಪ್ ಬದಲಿಸಿದೆ, ತಪ್ಪು ಇದ್ದದ್ದು ಒಂದು ಕೆಪಾಸಿಟರ್‌ನಲ್ಲಿ

ವೋಲ್ಟೇಜ್ ಅಳೆಯುವ ನನ್ನ ಹಳೇ ಡಿಜಿಟಲ್ ಮೀಟರ್‌ನ ಬೋರ್ಡ್ ಸುಟ್ಟಿತ್ತು. ಡಿಸ್‌ಪ್ಲೇ, ಡಬ್ಬಿ ಎರಡೂ ಚೆನ್ನಾಗಿದ್ದವು. ಅಳೆದ ವೋಲ್ಟೇಜನ್ನು ಅಂಕಿಯಾಗಿಸುವ 7106 ಚಿಪ್ ಹಾಕಿ ಹೊಸ ಬೋರ್ಡ್ ಮಾಡಿಕೊಂಡೆ. 40 ಕಾಲಿನ, 1999ರ ತನಕ ಎಣಿಸುವ ಅದೇ ಚಿಪ್. "ಇಷ್ಟೆಲ್ಲ ಒದ್ದಾಡೋ ಬದಲು ಹೊಸ ಮೀಟರ್ ತಗೋ" ಎಂದು ಜೊತೆಯವರು ನಕ್ಕರು. ಮೊದಲ ತಿಂಗಳು ಅವರ ಮಾತೇ ಸರಿ ಅನಿಸಿತು.

ರೀಡಿಂಗ್ ಹೊಂದಿಸುವ ಪುಟ್ಟ ತಿರುಪನ್ನು (ಪ್ರೀಸೆಟ್) ತಿರುಗಿಸಿ 100 ಮಿಲಿವೋಲ್ಟ್‌ಗೆ ಸರಿ ಮಾಡಿದರೆ 180ರಲ್ಲಿ ತಪ್ಪು. 180ಕ್ಕೆ ಸರಿ ಮಾಡಿದರೆ 50ರಲ್ಲಿ ತಪ್ಪು. ಕೊನೆಯ ಅಂಕಿಯಂತೂ ನಿಲ್ಲುತ್ತಲೇ ಇರಲಿಲ್ಲ. ಚಿಪ್ ನಕಲಿ ಎಂದು ಎಲ್ಲರೂ ತೀರ್ಪು ಕೊಟ್ಟರು. ಇನ್ನೊಂದು ತರಿಸಿದೆ, ಅದೇ ಕಥೆ. ಮೂರನೆಯದನ್ನು ಬೇರೆ ಕಡೆಯಿಂದ ತರಿಸಿದೆ. ಮೂರು ಚಿಪ್ಪು, ಒಂದು ಒಳ್ಳೆಯ ಸಾಕೆಟ್, ಹಾಳು ಮಾಡಿದ ಎರಡು ಬೋರ್ಡು. ಅಷ್ಟು ದುಡ್ಡಿಗೆ ಸಾಧಾರಣ ಮೀಟರ್ ಎರಡು ಬರುತ್ತಿದ್ದವು.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. 31ನೇ ಪಿನ್ನನ್ನು 36ಕ್ಕೆ ಸೇರಿಸಿದೆ. ಅಂದರೆ ಅಳೆಯಬೇಕಾದ ವೋಲ್ಟೇಜೂ ಚಿಪ್ ಅದನ್ನು ಹೋಲಿಸಿ ನೋಡುವ ವೋಲ್ಟೇಜೂ (ರೆಫರೆನ್ಸ್) ಒಂದೇ. ಚಿಪ್ ಸರಿ ಇದ್ದರೆ 1000 ತೋರಿಸಬೇಕು, ಒಂದು ಎಣಿಕೆ ಆಚೀಚೆ ಆದರೂ ಪರವಾಗಿಲ್ಲ. ನನ್ನದು 994 ತೋರಿಸಿತು. ಚಿಪ್ ಬದಲಿಸಿದೆ, ಸುಮಾರು ಅಷ್ಟೇ. ಮೂರನೆಯದೂ ಹಾಗೇ. ಬೇರೆ ಬೇರೆ ಕಡೆಯಿಂದ ಬಂದ ಮೂರು ಚಿಪ್ಪುಗಳು ಒಂದೇ ಸುಳ್ಳು ಹೇಳುತ್ತವಾ?

27ನೇ ಪಿನ್‌ಗೆ ವೋಲ್ಟೇಜಿನ ಏರಿಳಿತ ತೋರಿಸುವ ಸ್ಕೋಪ್ ಹಿಡಿದೆ. ಚಾರ್ಜ್ ತುಂಬಿಕೊಳ್ಳುವ ಕೆಪಾಸಿಟರ್ ಕೂರುವುದು ಅಲ್ಲೇ. 1000 ಎಣಿಕೆಯ ಕಾಲ ಏರು, ಆಮೇಲೆ ರೆಫರೆನ್ಸ್‌ನಿಂದ ಸೊನ್ನೆಗೆ ಇಳಿಜಾರು. ಇಳಿಯಲು ಹಿಡಿದ ಎಣಿಕೆಯೇ ನಮಗೆ ಕಾಣುವ ರೀಡಿಂಗ್. ಏರಿದ್ದೂ ಇಳಿದದ್ದೂ ಒಂದೇ ಕೆಪಾಸಿಟರ್‌ನಲ್ಲಿ, ಆದ್ದರಿಂದ ಅದರ ಅಳತೆ 0.22 ಬದಲು 0.2 ಮೈಕ್ರೋಫ್ಯಾರಡ್ ಇದ್ದರೂ ಲೆಕ್ಕ ಕೆಡುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ಧೈರ್ಯದಲ್ಲಿ ಬಿಡಿಭಾಗಗಳ ಡಬ್ಬಿಯಲ್ಲಿದ್ದ ಸೆರಾಮಿಕ್ ಕೆಪಾಸಿಟರ್ ಒಂದನ್ನು ಸುಮ್ನೆ ಹಾಕಿದ್ದೆ. ಅಳತೆ ಮುಖ್ಯ ಅಲ್ಲ ಅಂದರೆ ಜಾತಿಯೂ ಮುಖ್ಯ ಅಲ್ಲ ಅಂದುಕೊಂಡದ್ದೇ ತಪ್ಪು. ಸೆರಾಮಿಕ್ ತುಂಬಿದ ಚಾರ್ಜನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಸಾಲ ತೀರಿಸುವಾಗ ಚಿಲ್ಲರೆ ಉಳಿಸಿಕೊಳ್ಳುವವರ ಹಾಗೆ. ಸಾಲದ್ದಕ್ಕೆ ವೋಲ್ಟೇಜ್ ಏರಿದಂತೆ ಅದರ ಅಳತೆಯೂ ಬದಲಾಗುತ್ತದೆ.

ಪಾಲಿಯೆಸ್ಟರ್ ಹಾಕಿದೆ, 998. ಪಾಲಿಪ್ರೊಪಿಲೀನ್ ಹಾಕಿದೆ, 1000. ಪ್ಲಸ್ 190 ಕೊಟ್ಟು ತಂತಿ ತಿರುಗಿಸಿ ಮೈನಸ್ 190 ಕೊಟ್ಟಾಗ ಮೊದಲು ಹತ್ತು ಎಣಿಕೆಯ ವ್ಯತ್ಯಾಸ ಇರುತ್ತಿತ್ತು. ಈಗ ಒಂದೂ ಇಲ್ಲ. ಆ ಕೆಪಾಸಿಟರ್‌ನ ಬೆಲೆ ಒಂದು ಚಿಪ್ಪಿನ ಹತ್ತನೇ ಒಂದು ಭಾಗವೂ ಇರಲಿಲ್ಲ!

ಕೊನೆಯ ಅಂಕಿಯ ಕುಣಿತ ಮಾತ್ರ ಉಳಿದಿತ್ತು. ಅದು ಕ್ಲಾಕಿನದು, ಅಂದರೆ ಚಿಪ್‌ನ ಎಣಿಕೆಗೆ ತಾಳ ಹಾಕುವ ಮಿಡಿತದ್ದು. ಎಲ್ಲರೂ ಹಾಕುವ 100 ಕಿಲೋ ಓಮ್, 100 ಪಿಕೋಫ್ಯಾರಡ್‌ಗೆ ಸುಮಾರು 48 ಕಿಲೋಹರ್ಟ್ಸ್ ಬರುತ್ತದೆ. ಆಗ ಏರುವ ಸಮಯ 83 ಮಿಲಿಸೆಕೆಂಡ್. 60 ಹರ್ಟ್ಸ್ ಕರೆಂಟ್ ಇರುವ ಕಡೆ ಅದು ಸರಿಯಾಗಿ ಐದು ಸುತ್ತು, ಕರೆಂಟಿನಿಂದ ನುಸುಳುವ ಗದ್ದಲ ಏರಿದಷ್ಟೇ ಇಳಿದು ಸೊನ್ನೆಯಾಗುತ್ತದೆ. 50 ಹರ್ಟ್ಸ್‌ಗೆ ನಾಲ್ಕು ಸುತ್ತು ಮುಗಿದು ಸ್ವಲ್ಪ ಮಿಕ್ಕುತ್ತದೆ, ಆ ಮಿಕ್ಕಿದ್ದೇ ಅಂಕಿಯನ್ನು ಕುಣಿಸುತ್ತದೆ. 40 ಕಿಲೋಹರ್ಟ್ಸ್‌ಗೆ ಇಳಿಸಿದರೆ 100 ಮಿಲಿಸೆಕೆಂಡ್, ಎರಡಕ್ಕೂ ಸರಿಹೋಗುತ್ತದೆ. ರೀಡಿಂಗ್ ಸೆಕೆಂಡಿಗೆ ಮೂರರ ಬದಲು ಎರಡೂವರೆ ಆಗುತ್ತದೆ, ಅಷ್ಟೇ ತಾನೇ.

ಇಲ್ಲೂ ಒಂದು ದಿನ ಹಾಳಾಯಿತು. ಕ್ಲಾಕ್ ಹುಟ್ಟುವ ಆಸಿಲೇಟರ್ ಪಿನ್‌ಗೆ ಪ್ರೋಬ್ ಇಟ್ಟ ಕೂಡಲೇ ಕ್ಲಾಕ್ ಜಾರುತ್ತದೆ, 100 ಪಿಕೋಫ್ಯಾರಡ್ ಪಕ್ಕ ಪ್ರೋಬಿನದೂ ಸೇರುತ್ತಲ್ವಾ. 21ನೇ ಪಿನ್ ನೋಡಿ. ಡಿಸ್‌ಪ್ಲೇಗೆ ಹೋಗುವ ಚೌಕದ ಅಲೆ ಕ್ಲಾಕಿನ 800ನೇ ಒಂದು ಭಾಗ. ಅಲ್ಲಿ 50 ಹರ್ಟ್ಸ್ ಬಂದರೆ ಕ್ಲಾಕ್ 40ಕ್ಕೆ ಕೂತಿದೆ.

ನಡುವೆ 7107ರ ಜೊತೆಗೂ ಆಟ ಆಡಿದೆ, ಅದು ಎಲ್ಇಡಿ ಅಂಕಿಗಳಿಗೆ ಮಾಡಿದ ಇದೇ ಬಗೆಯ ಚಿಪ್. ಎಲ್ಇಡಿ ಉರಿಸಿ ಉರಿಸಿ ಚಿಪ್ ಬಿಸಿಯಾಗುತ್ತದೆ. 1000 ತೋರಿಸುವಾಗ ಕಡ್ಡಿಗಳು ಜಾಸ್ತಿ ಉರಿಯುತ್ತವೆ, 1111ಕ್ಕೆ ಕಡಿಮೆ. ಆ ಬಿಸಿಗೆ ಒಳಗಿನ ರೆಫರೆನ್ಸೇ ಅಲುಗಾಡಿ ರೀಡಿಂಗ್ ಒಂದು ಎಣಿಕೆ ಸರಿಯುತ್ತದೆ. ಹೊರಗಿನ ರೆಫರೆನ್ಸ್ ಇಲ್ಲದೆ ಅದರ ಸಹವಾಸ ಬೇಡ.

ಬೆಸುಗೆ ಹಾಕುವಾಗ ಅಂಟಿ ಉಳಿಯುವ ಫ್ಲಕ್ಸ್ ತೊಳೆಯದೆ ಬಿಟ್ಟರೆ ಇದೆಲ್ಲ ವ್ಯರ್ಥ, 27ರಿಂದ 31ರವರೆಗಿನ ಪಿನ್‌ಗಳ ಸುತ್ತ ಮುಖ್ಯವಾಗಿ. ನಾನು ಯಾವುದರಿಂದ ತೊಳೆಯುತ್ತೇನೆ, ಹೇಗೆ ಒಣಗಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮೀಟರ್ ಬಿಸಾಕು ಎಂದಿದ್ದ ಗೆಳೆಯರೊಬ್ಬರು ಹೋದ ವಾರ ತಮ್ಮ ಮೀಟರ್ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಚಿಪ್ ಕರೀ ಗೋಂದಿನ ಅಡಿಯಲ್ಲಿದೆ. 27ನೇ ಪಿನ್ ಎಲ್ಲಿ ಹೊರಗೆ ಬರುತ್ತದೆ ಎಂದು ಹುಡುಕುತ್ತಾ ಕೂತಿದ್ದೇನೆ.