ಕುರ್ಸುರಾದೊಳಗೆ ಆತುರ ಬೇಡ

ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿ ನಿಲ್ಲಿಸಿರುವ ಐಎನ್‌ಎಸ್ ಕುರ್ಸುರಾ ಸಬ್‌ಮರೀನನ್ನು ಹೆಚ್ಚಿನವರು ಸರಸರ ನೋಡಿ ಮುಗಿಸುತ್ತಾರೆ. ಹಿಂದಿನಿಂದ ಜನ ತಳ್ಳುತ್ತಾರೆ, ನಾವೂ ಸಾಗಿಬಿಡುತ್ತೇವೆ. ನಾನು ಒಳಗೆ ಹೋದವನೇ ಪಕ್ಕಕ್ಕೆ ಸರಿದು ನಿಂತು, ಇಡೀ ಗುಂಪನ್ನು ಮುಂದೆ ಬಿಟ್ಟೆ. ಅಲ್ಲಿ ವಿವರಿಸುವವರು ನೌಕಾಪಡೆಯ ನಿವೃತ್ತರು. ಗದ್ದಲ ತಗ್ಗಿದ ಮೇಲೆ ಅವರನ್ನು ಮಾತಿಗೆಳೆಯುವುದು ಸುಲಭ.

ಟಾರ್ಪಿಡೊ (ನೀರಿನೊಳಗೇ ಸಾಗಿ ಶತ್ರು ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಕೋಣೆಯಲ್ಲಿ ಸಾಕಷ್ಟು ಹೊತ್ತು ನಿಲ್ಲಿ. ಎದುರಿಗೆ ಆರು ದುಂಡನೆಯ ಬಾಗಿಲುಗಳು. ಟಾರ್ಪಿಡೊ ಹೊರಟಿದ್ದು ಅಲ್ಲಿಂದ. ಹಿಂಭಾಗದಲ್ಲಿ ಇನ್ನೂ ನಾಲ್ಕಿವೆ. ಒಟ್ಟು 22 ಟಾರ್ಪಿಡೊ ಹೊತ್ತು ಹೋಗುತ್ತಿತ್ತಂತೆ. ಅವುಗಳ ಪಕ್ಕದಲ್ಲೇ ನಾವಿಕರ ಮಲಗುವ ಬಂಕ್‌ಗಳು. 91 ಮೀಟರ್ ಉದ್ದದ ಹಡಗು, ಸುಮಾರು 75 ಜನ. ಉದ್ದ ಕೇಳಿದರೆ ಜಾಗ ಜಾಸ್ತಿ ಅನಿಸುತ್ತದೆ ಅಲ್ವಾ? ಒಳಗೆ ಎದುರಿನಿಂದ ಒಬ್ಬರು ಬಂದರೂ ಮೈ ಓರೆ ಮಾಡಬೇಕು.

ಒಂದು ಕೋಣೆಯಿಂದ ಇನ್ನೊಂದಕ್ಕೆ ದುಂಡನೆಯ ಕಿಂಡಿಯಲ್ಲಿ ಬಗ್ಗಿ ನುಸುಳಬೇಕು. ಮೊದಲು ಕಾಲು ಹಾಕಿ, ಆಮೇಲೆ ತಲೆ ತಗ್ಗಿಸಿದರೆ ಸಲೀಸು. ಮಂಡಿ ನೋವಿನವರಿಗೆ, ಇಕ್ಕಟ್ಟು ಆಗದವರಿಗೆ ಇದು ಬೇಡ. ಬ್ಯಾಗ್ ಚಿಕ್ಕದಿರಲಿ.

ಇಂಜಿನ್ ಕೋಣೆಯಲ್ಲಿ ಕೇಳಿದೆ: "ನೀರಿನೊಳಗೆ ಡೀಸೆಲ್ ಇಂಜಿನ್ ಹೇಗೆ ಓಡುತ್ತೆ ಸರ್?" ಓಡುವುದಿಲ್ಲ ಅಂದರು. ಅದಕ್ಕೆ ಗಾಳಿ ಬೇಕು. ಮೇಲೆ ಬಂದಾಗ, ಇಲ್ಲವೇ ಸ್ನಾರ್ಕೆಲ್ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿದಾಗ ಡೀಸೆಲ್ ಇಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಬೇಕು. ಮುಳುಗಿದ ಮೇಲೆ ಬ್ಯಾಟರಿ ಮತ್ತು ಮೋಟಾರು, ಅಷ್ಟೇ. ಹಾಗಾಗಿ ಮೇಲೆ ಬರುವ ಹೊತ್ತೇ ಶತ್ರುವಿನ ಕಣ್ಣಿಗೆ ಬೀಳುವ ಹೊತ್ತು. ಇದು ತಿಳಿದ ಮೇಲೆ ಮುಳುಗಿದ್ದುಕೊಂಡೇ ನೀರಿನ ಮೇಲೆ ನೋಡುವ ಪೆರಿಸ್ಕೋಪ್, ಸದ್ದಿನಿಂದ ಬೇರೆ ಹಡಗುಗಳನ್ನು ಪತ್ತೆಹಚ್ಚುವ ಸೋನಾರ್ ಕೋಣೆ ಎರಡೂ ಬೇರೆಯೇ ಕಂಡವು.

ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಈ ಹಡಗು 1969ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿತು. 1971ರ ಯುದ್ಧದಲ್ಲೂ ಗಸ್ತು ತಿರುಗಿತ್ತು. 2001ರಲ್ಲಿ ನಿವೃತ್ತಿ, ಮರುವರ್ಷವೇ ಮ್ಯೂಸಿಯಂ.

ಸೋಮವಾರ ರಜೆ. ಎದುರಿಗೇ ಟಿಯು-142 ವಿಮಾನದ ಮ್ಯೂಸಿಯಂ ಇದೆ. ಸಮಯ ಕಮ್ಮಿ ಇದ್ದರೆ ಅದನ್ನು ಬಿಡಿ, ಸಬ್‌ಮರೀನಿಗೇ ಕೊಡಿ.