ಎರಿ ಹೊಲದ ದಾರಿಗೆ ಮನೆ ಗಾಡಿ: ಎತ್ತರ ಏರಿಸೋದು ಹೇಗೆ, ಎಷ್ಟು?

ಶೀಗಿ ಹುಣ್ಣಿಮೆ ಬಂತೆಂದರೆ ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೊರಡುತ್ತಾರೆ. ಮೊದಲು ಚಕ್ಕಡಿ ಇತ್ತು, ಈಗ ಎರ್ಟಿಗಾ. ಒಳಗೆ ಏಳು ಜನ, ಡಿಕ್ಕಿಯಲ್ಲಿ ಕಡುಬು-ರೊಟ್ಟಿ ಬುಟ್ಟಿ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದ ಕೂಡಲೇ ಅಡಿಯಿಂದ ‘ಗರ್ರ್’ ಅಂತ ಸದ್ದು ಬರುತ್ತದೆ. ಟ್ರ್ಯಾಕ್ಟರ್ ಗಾಲಿಗಳು ಎರಡೂ ಕಡೆ ತಗ್ಗು ತೋಡಿ, ನಡುವೆ ದಿಣ್ಣೆ ಬಿಟ್ಟು ಹೋಗಿರುತ್ತವೆ. ಗಾಡಿಯ ಹೊಟ್ಟೆ ತಾಗುವುದು ಆ ದಿಣ್ಣೆಗೆ.

ಗಾಡಿಯನ್ನು ಸ್ವಲ್ಪ ಎತ್ತರಿಸಬಹುದಾ? ಬಹುದು. ಆದರೆ ನನ್ನ ಪ್ರಕಾರ ಮೊದಲು ಕಳೆದುಹೋದ ಎತ್ತರವನ್ನು ವಾಪಸ್ ತರಬೇಕು. ಹೊಸ ಎತ್ತರದ ಮಾತು ಆಮೇಲೆ.

ಮೊದಲು ಅಳೆಯಿರಿ

ನೆಲದಿಂದ ಗಾಡಿಯ ಹೊಟ್ಟೆ ಎಷ್ಟು ಎತ್ತರ ಎಂಬುದಕ್ಕೆ ಇಂಥ ಗಾಡಿಗಳಲ್ಲಿ ಕಂಪನಿ ಹೇಳುವ ಅಂಕಿ 180 ಮಿಲಿಮೀಟರ್ ಆಸುಪಾಸು. ಅದು ಸಾಮಾನ್ಯವಾಗಿ ಖಾಲಿ ಗಾಡಿಯ ಲೆಕ್ಕ. ಹೊಲಕ್ಕೆ ಖಾಲಿ ಗಾಡಿ ಯಾರು ಒಯ್ಯುತ್ತಾರೆ? ಅದಕ್ಕೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿಯಿರಿ. ಒಮ್ಮೆ ಖಾಲಿ ಇದ್ದಾಗ, ಒಮ್ಮೆ ಮನೆಮಂದಿ ಕೂತಾಗ. ಎಡಕ್ಕೂ ಬಲಕ್ಕೂ ಎದ್ದು ಕಾಣುವಷ್ಟು ಫರಕು ಬಂದರೆ ಒಂದು ಕಡೆಯ ಸ್ಪ್ರಿಂಗ್ ಕುಸಿದಿರಬಹುದು, ಇಲ್ಲವೇ ಮುರಿದಿರಬಹುದು.

ಆಮೇಲೆ ಗ್ಯಾರೇಜಿನ ರ‍್ಯಾಂಪ್ ಮೇಲೆ ಏರಿಸಿ ಅಡಿಯನ್ನು ನೋಡಿ. ಈ ಕೆಲಸವನ್ನು ಬಹಳ ಜನ ಮಾಡುವುದೇ ಇಲ್ಲ. ಎಲ್ಲಿ ತಾಗಿದೆ ಎಂಬುದು ಅಲ್ಲೇ ಬರೆದಿರುತ್ತದೆ. ಬಂಪರಿನ ಕೆಳಗಿನ ರಬ್ಬರ್ ಪಟ್ಟಿ ಸವೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಇರುವುದೇ ಹಾಗೆ. ಸೈಲೆನ್ಸರ್ ಪೈಪಿನ ಜೋಡಣೆ ಹೊಳೆಯುವಂತೆ ಉಜ್ಜಿದ್ದರೆ ಹ್ಯಾಂಗರ್ ರಬ್ಬರ್ ಸಡಿಲಾಗಿ ಪೈಪು ಜೋತುಬಿದ್ದಿರಬಹುದು. ಹೊಸ ರಬ್ಬರ್ ಹಾಕಿದರೆ ಮುಗಿಯಿತು. ಚೇಂಬರ್‌ಗೆ ಪೆಟ್ಟು ಬಿದ್ದ ಗುರುತಿದ್ದರೆ ಮಾತ್ರ ಗಾಬರಿಯಾಗಬೇಕು. ಎಂಜಿನ್ ಅಡಿಯ ಆಯಿಲ್ ತೊಟ್ಟಿ ಅದು; ಒಡೆದು ಆಯಿಲ್ ಸೋರಿದರೆ ಎಂಜಿನ್ ಹೋಯಿತು ಅಂತಲೇ ಲೆಕ್ಕ. ಅಲ್ಲಿಗೆ ಬೇಕಿರುವುದು ಎತ್ತರಕ್ಕಿಂತ ಹೆಚ್ಚಾಗಿ ಗಟ್ಟಿಯಾದ ಉಕ್ಕಿನ ಗಾರ್ಡ್. ಆಯಿಲ್ ಬದಲಿಸಲು ತೂತು ಇರುವಂಥದ್ದನ್ನೇ ಕೇಳಿ ಹಾಕಿಸಿಕೊಳ್ಳಿ.

ಸ್ಪ್ರಿಂಗ್, ಆಮೇಲೆ ಸ್ಪೇಸರ್

ವರ್ಷಗಟ್ಟಲೆ ಭಾರ ಹೊತ್ತ ಗಾಡಿಯ ಹಿಂದಿನ ಸ್ಪ್ರಿಂಗ್ ಕುಸಿದೇ ಕುಸಿಯುತ್ತದೆ. ಕಂಪನಿಯ ಹೊಸ ಜೋಡಿ ಹಾಕಿಸಿ ಮತ್ತೆ ಅಳೆಯಿರಿ. ಒಂದೇ ಕಡೆ ಬದಲಿಸಬೇಡಿ. ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ಸ್ಪೇಸರ್, ಅಂದರೆ ಸ್ಪ್ರಿಂಗಿನ ತುದಿಗೆ ಅಥವಾ ಮುಂದಿನ ಸ್ಟ್ರಟ್‌ನ ತಲೆಗೆ ಕೂರಿಸುವ ಬಿಲ್ಲೆ. ಸ್ಟ್ರಟ್ ಎಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ. ಎರ್ಟಿಗಾದಂಥ ಗಾಡಿಯ ಹಿಂಭಾಗದಲ್ಲಿ ಕೆಲಸ ಸಲೀಸು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆ್ಯಕ್ಸಲ್‌ಗೆ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಬಿಚ್ಚಿ, ಜಾಕ್ ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯದಂತೆ ನೋಡಿಕೊಳ್ಳಬೇಕು. ಬೋಲ್ಟ್‌ಗಳನ್ನು ಕೊನೆಯ ಬಿಗಿ ಮಾಡುವುದು ಗಾಡಿ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ ರಬ್ಬರ್ ಬುಶ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಮುಂದಿನ ಸ್ಟ್ರಟ್‌ಗೆ ಮನೆಯಲ್ಲಿ ಕೈ ಹಚ್ಚಲೇಬೇಡಿ. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಮುಖವೇ ಹೋಗುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಗ್ಯಾರೇಜುಗಳಿಗೆ ಬರವಿಲ್ಲ. ಸ್ಪ್ರಿಂಗ್ ಕಂಪ್ರೆಸರ್ ಇರುವವರ ಕೈಗೇ ಕೊಡಿ.

ಎಷ್ಟು ಏರಿಸಬೇಕು? 15ರಿಂದ 20 ಮಿಲಿಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಕಡಿಮೆ ಆಯಿತು ಅನ್ನಿಸಬಹುದು. ಅಮೆರಿಕದಲ್ಲಿ ಹಿಮ, ಕಚ್ಚಾ ರಸ್ತೆ ಎಂದು ಓಡಾಡುವವರಿಗಾಗಿ ಟೊಯೊಟಾ ಕಂಪನಿ ಸಿಯೆನ್ನಾ ಮಿನಿವ್ಯಾನಿನ ವುಡ್‌ಲ್ಯಾಂಡ್ ಮಾದರಿ ತಂದಾಗ ಅವರೇ ಏರಿಸಿದ್ದು 0.6 ಇಂಚು, ಹತ್ತಿರ ಹತ್ತಿರ 15 ಮಿಲಿಮೀಟರ್ ಅಷ್ಟೇ. 20 ಮಿಲಿಮೀಟರಿಗಿಂತ ಮೇಲೆ ಹೋದರೆ ಮುಂದಿನ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗುತ್ತದೆ, ಅದರ ಜಾಯಿಂಟ್ ಸವೆಯುತ್ತದೆ, ರಬ್ಬರ್ ಬೂಟ್ ಹರಿದು ಮಣ್ಣು ಒಳಗೆ ಸೇರುತ್ತದೆ. ತಿರುವಿನಲ್ಲಿ ಏಳು ಜನರ ಗಾಡಿ ವಾಲುವುದೂ ಹೆಚ್ಚುತ್ತದೆ.

ಸ್ಪ್ರಿಂಗ್ ಸುತ್ತುಗಳ ನಡುವೆ ತೂರಿಸುವ ರಬ್ಬರ್ ಬಫರ್ ಅಗ್ಗಕ್ಕೆ ಸಿಗುತ್ತದೆ. ಹಿಂದೆ ಸದಾ ಭಾರ ಇರುವವರಿಗೆ ಪರವಾಗಿಲ್ಲ. ಮುಂದಿನ ಗಾಲಿಗೆ ನಾನಂತೂ ಹಾಕಿಸೆನು. ಒಂದು ಸುತ್ತು ಅಲುಗದಂತಾಗಿ ಉಳಿದ ಸುತ್ತುಗಳ ಮೇಲೆ ಒತ್ತಡ ಬೀಳುತ್ತದೆ, ಗಾಡಿ ಕುಣಿಯುತ್ತದೆ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಸ್ಪೇಸರ್ ಮೇಲೆತ್ತುವುದು ಬಾಡಿ ಮತ್ತು ಎಂಜಿನನ್ನು ಮಾತ್ರ. ಈಕೋದಂಥ ಹಿಂಗಾಲಿ ಎಳೆಯುವ ಗಾಡಿಯಲ್ಲಿ ಹಿಂದಿನ ಆ್ಯಕ್ಸಲ್ ನಡುವಿನ ಗಿಯರ್ ಗಡ್ಡೆ, ಅಂದರೆ ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತದೆ. ಅದು ಏರಬೇಕಾದರೆ ಟೈರ್ ಒಂದೇ ದಾರಿ.

ಟೈರ್ ಲೆಕ್ಕ

ಎರ್ಟಿಗಾದ 185/65 ಆರ್15 ಟೈರಿನ ಬದಲು 195/65 ಹಾಕಿದರೆ ವ್ಯಾಸ 13 ಮಿಲಿಮೀಟರ್ ಹೆಚ್ಚುತ್ತದೆ. ಗಾಡಿ ಏರುವುದು ಅದರ ಅರ್ಧ, ಅಂದರೆ ಆರೂವರೆ. ಸ್ಪೀಡೋಮೀಟರ್ ಸುಮಾರು ಶೇ 2ರಷ್ಟು ಕಡಿಮೆ ತೋರಿಸತೊಡಗುತ್ತದೆ. ಇದಕ್ಕಿಂತ ದೊಡ್ಡದಕ್ಕೆ ಹೋಗಬೇಡಿ, ಕಾರಣ ನಮ್ಮ ಎರಿ ಮಣ್ಣು. ಹಸಿಯಾದಾಗ ಅದು ಟೈರಿಗೆ ಪದರು ಪದರಾಗಿ ಮೆತ್ತಿ ಮಡ್‌ಗಾರ್ಡ್ ಒಳಗೆ ತುಂಬಿಕೊಳ್ಳುತ್ತದೆ. ಅಲ್ಲಿ ಜಾಗ ಕಡಿಮೆ ಆದಷ್ಟೂ ಗಾಲಿ ಬೇಗ ಬಿಗಿಯುತ್ತದೆ. ನಿಜ ಹೇಳಬೇಕೆಂದರೆ ಎರಿ ರಾಡಿಯಲ್ಲಿ ಎತ್ತರ ನಡೆಯುವುದಿಲ್ಲ. ಮಳೆ ಬಿದ್ದ ಮರುದಿನ ಗಾಡಿಯನ್ನು ಡಾಂಬರಿನ ಮೇಲೇ ಬಿಟ್ಟು ನಡೆದು ಹೋಗಿ. ಎತ್ತರ ಉಪಯೋಗಕ್ಕೆ ಬರುವುದು ಒಣಗಿ ಗಟ್ಟಿಯಾದ ದಿಣ್ಣೆಗೆ. ಅಲ್ಲೂ ಒಂದು ಕಡೆಯ ಗಾಲಿ ದಿಣ್ಣೆಯ ಮೇಲೆ, ಇನ್ನೊಂದು ದಾರಿಯ ಅಂಚಿಗೆ ಇಟ್ಟು ಹೋದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಕಾನೂನು, ಕೊನೆಯ ತಪಾಸಣೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ಕಂಪನಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಕೆಲಸಕ್ಕೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಜಗಳ. ಹೊಸ ಸ್ಪ್ರಿಂಗ್, ಚೇಂಬರ್ ಗಾರ್ಡ್ ವಿಷಯದಲ್ಲಿ ಈ ತಲೆನೋವು ಕಡಿಮೆ.

ಎತ್ತರ ಬದಲಾದರೆ ಅಲೈನ್‌ಮೆಂಟ್ ಅದೇ ದಿನ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರ್ ಒಂದೇ ಅಂಚಿಗೆ ತಿನ್ನುತ್ತದೆ. ಹೆಡ್‌ಲೈಟ್ ಗೋಡೆಗೆ ಹಿಡಿದು ಸರಿಮಾಡಿಸಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಟೈರ್ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ. ವಾರ ಓಡಿಸಿದ ಮೇಲೆ ಮತ್ತೊಮ್ಮೆ ರ‍್ಯಾಂಪ್ ಹತ್ತಿಸಿ ಬೋಲ್ಟ್‌ಗಳ ಬಿಗಿ ಪರೀಕ್ಷಿಸಿ. ಟೇಪ್ ಹಿಡಿದು ನಾಲ್ಕೂ ಅಳತೆ ಬರೆದಿಡಿ, ಮುಂದೆ ಸ್ಪ್ರಿಂಗ್ ಕುಸಿದರೆ ತಿಳಿಯುತ್ತದೆ.