ಯೂನಿವರ್ಸಿಟಿ ನಾಟಕಕ್ಕೆ ಹೋಗೋರು ಪ್ರಿವ್ಯೂ ದಿನ ನೋಡಿಕೊಳ್ಳಿ
ಅಮೆರಿಕದಲ್ಲಿ ಓದುತ್ತಿರುವವರಿಗೆ ಒಂದು ಸಲಹೆ. ಯೂನಿವರ್ಸಿಟಿ ಥಿಯೇಟರಿನ ಹೊಸ ಸೀಸನ್ ಪಟ್ಟಿ ಬಂದ ಕೂಡಲೇ ಓಪನಿಂಗ್ ನೈಟ್ (ಅಧಿಕೃತ ಮೊದಲ ಶೋ) ಬಿಟ್ಟು, ಅದಕ್ಕೂ ಮುಂಚಿನ ಪ್ರಿವ್ಯೂ ಶೋಗೆ ಟಿಕೆಟ್ ತಗೊಳ್ಳಿ. ಯೇಲ್ ರೆಪ್‌ನಂಥ (ಯೇಲ್ ಯೂನಿವರ್ಸಿಟಿಯ ರೆಪರ್ಟರಿ ಥಿಯೇಟರ್) ವೃತ್ತಿಪರ ತಂಡಗಳಲ್ಲಿ ಪ್ರಿವ್ಯೂ ಇರುತ್ತದೆ. ನಟರು ಅವರೇ, ಸೆಟ್ಟೂ ಅದೇ. ನಿರ್ದೇಶಕರು ಲೈಟು, ಸೌಂಡು ಇನ್ನೂ ತಿದ್ದುತ್ತಿರುತ್ತಾರೆ, ವಿಮರ್ಶಕರು ಬಂದಿರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ದರ ಕಡಿಮೆ. ಲೈಟು ಎರಡು ಸೆಕೆಂಡ್ ತಡವಾದರೆ ನಮಗೇನು ನಷ್ಟ, ಅಲ್ವಾ? ನನಗಂತೂ ಆ ತಿದ್ದುಪಡಿ ನೋಡೋದೇ ಜಾಸ್ತಿ ಇಷ್ಟ. ಟಿಕೆಟ್ಟನ್ನು ಬಾಕ್ಸ್ ಆಫೀಸ್ ಕೌಂಟರಿನಲ್ಲೇ ಕೊಂಡರೆ ಎಷ್ಟೋ ಕಡೆ ಆನ್‌ಲೈನ್ ಶುಲ್ಕವೂ ಉಳಿಯುತ್ತದೆ. ಐಡಿ ಕಾರ್ಡ್ ಮರೀಬೇಡಿ, ವಿದ್ಯಾರ್ಥಿ ದರ ಬೇರೆ ಇರುತ್ತದೆ. ಈ ಪ್ರಿವ್ಯೂ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ವಿದ್ಯಾರ್ಥಿಗಳೇ ಮಾಡುವ, ಎರಡು ವಾರಾಂತ್ಯದಲ್ಲಿ ಮುಗಿಯುವ ನಾಟಕಗಳಿಗೆ ಎಷ್ಟೋ ಸಲ ಪ್ರಿವ್ಯೂ ಇರುವುದೇ ಇಲ್ಲ. ಅಲ್ಲಿ ಶೋ ದಿನ ರಶ್ ಟಿಕೆಟ್ (ಉಳಿದ ಸೀಟುಗಳನ್ನು ಅವತ್ತೇ ಕಡಿಮೆ ದರಕ್ಕೆ ಕೊಡುವುದು) ಇದೆಯಾ ಅಂತ ಕೇಳಿ. ಪುಟ್ಟ ಬ್ಲ್ಯಾಕ್ ಬಾಕ್ಸ್ ಥಿಯೇಟರೋ (ಕಪ್ಪು ಗೋಡೆಯ ಸರಳ ಹಾಲ್), ಮ್ಯೂಸಿಕಲ್ಲೋ (ಹಾಡು-ಕುಣಿತದ ನಾಟಕ) ಆದರೆ ಕಾಯಬೇಡಿ, ಸಿಕ್ಕಿದ ದಿನಕ್ಕೆ ತಗೊಂಡುಬಿಡಿ.